ಒಂದು ಬಾಟ್ಲಿಯಲ್ಲಿ ಎರಡು ಔಷಧ: ಕೂಸಿನ ತೂಕ ಕೇಳಿದವರಾರು?

(ಸವದತ್ತಿಯಲ್ಲಿ ತಾಯಂದಿರ ಹಾಗೂ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾನು ಡಾಕ್ಟರನಲ್ಲ. ಡಾಕ್ಟರರು ಬರೆದ ಚೀಟಿ ಓದಿ, ಔಷಧ ಅಳೆದು ಕೊಡುವ ಕೆಲಸದಲ್ಲಿ ಆಯುಷ್ಯ ಕಳೆದವನು. ಆದುದರಿಂದ ಯಾವ ರೋಗಕ್ಕೆ ಯಾವ ಔಷಧವೆಂದು ಇಲ್ಲಿ ನಿಂತು ಹೇಳುವ ಅಧಿಕಾರ ನನಗಿಲ್ಲ. ಬಾಟ್ಲಿಯ ಮೇಲೆ ಬರೆದದ್ದೇನು, ಅದರ ಒಳಗಿರುವದೇನು, ಅದು ಕೂಸಿನ ಹೊಟ್ಟೆಗೆ ಹೋದ ಮೇಲೆ ಮಾಡುವದೇನು ಎಂಬ ಮೂರು ಮಾತು ಹೇಳಬಲ್ಲೆ. ಅಷ್ಟನ್ನೇ ಹೇಳುತ್ತೇನೆ.

ಒಂದು ಸಂಗತಿಯಿಂದ ಪ್ರಾರಂಭಿಸುತ್ತೇನೆ. ಮಲಪ್ರಭೆಯ ದಂಡೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಬಂದಿದ್ದಳು. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವಳು. ಕಂಕುಳಲ್ಲಿ ಮಗ, ಸೆರಗಿನಲ್ಲಿ ಕಟ್ಟಿದ ಬಾಟ್ಲಿ. "ಅಣ್ಣಾರ, ಈ ಔಷಧ ಹಾಕಿದಾಗಿಂದ ಹುಡುಗನ ಹೊಟ್ಟಿ ಕೆಟ್ಟೈತ್ರಿ. ನಿನ್ನಿಯಿಂದ ಬಂದ್ ಮಾಡೇನ್ರಿ" ಎಂದಳು. ಹುಡುಗನ ಕಿವಿ ಸೋರುತ್ತಿತ್ತು. ಡಾಕ್ಟರರು ಬರೆದದ್ದು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಮ್ಲ ಕೂಡಿದ ಔಷಧ, ಹೊತ್ತಿಗೆ 5 ಮಿಲಿಲೀಟರಿನಂತೆ ದಿನಕ್ಕೆ ಎರಡು ಹೊತ್ತು. ಚೀಟಿಯಲ್ಲಿದ್ದದ್ದು 5 ಮಿಲಿಲೀಟರಿಗೆ 200 ಮಿಲಿಗ್ರಾಮ್ ಅಮಾಕ್ಸಿಸಿಲಿನ್ ಇರುವ ಬಾಟ್ಲಿ. ಅಂಗಡಿಯಲ್ಲಿ ಅದು ತೀರಿತ್ತು. "ಇದೂ ಅದೇ ಔಷಧ" ಎಂದು ಹೇಳಿ ಕೊಟ್ಟದ್ದು 5 ಮಿಲಿಲೀಟರಿಗೆ 400 ಇರುವ ಬಾಟ್ಲಿ. ಹೆಸರು ಅದೇ, ಪೆಟ್ಟಿಗೆಯ ಬಣ್ಣವೂ ಹೆಚ್ಚುಕಡಿಮೆ ಅದೇ. ತಾಯಿ ಹೇಳಿದಷ್ಟೇ ಹಾಕಿದಳು. ಹುಡುಗನಿಗೆ ಹೋದದ್ದು ಮಾತ್ರ ಎರಡರಷ್ಟು. ಹೊಟ್ಟೆ ಕೆಟ್ಟಿತು, ಅವಳು ಹೆದರಿ ನಿಲ್ಲಿಸಿದಳು, ಕಿವಿ ಮತ್ತೆ ಸೋರಹತ್ತಿತು. ಕೊಟ್ಟ ಹಣವೂ ಹೋಯಿತು, ಕೂಲಿಯ ದಿನಗಳೂ ಹೋದವು.

ಇದರಲ್ಲಿ ಆ ತಾಯಿಯ ತಪ್ಪೇನು? ಓದು ಬರದ್ದು ತಪ್ಪೇ? ಅವಳಿಗೆ ಯಾರೂ ಎರಡು ಮಾತು ಹೇಳಿರಲಿಲ್ಲ. ಒಂದು, ಈ ಬಾಟ್ಲಿಯಲ್ಲಿ ಎರಡು ಔಷಧಗಳು ಯಾಕಿವೆ? ಎರಡು, ತನ್ನ ಮಗನ ತೂಕಕ್ಕೆ ಎಷ್ಟು ಹಾಕಬೇಕು? ಈ ಎರಡು ಪ್ರಶ್ನೆಗಳನ್ನು ಇಂದು ನಿಮ್ಮ ಕೈಗೆ ಕೊಟ್ಟು ಹೋಗಬೇಕೆಂದು ಬಂದಿದ್ದೇನೆ.

ಜೋಡಿ ಯಾವಾಗ ಜೋಡಿ?

ಎರಿ ಹೊಲ ಉಳುವವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಎರಡು ಎತ್ತು ತಂದು ನೊಗಕ್ಕೆ ಕಟ್ಟಿದ ಮಾತ್ರಕ್ಕೆ ಜೋಡಿ ಆಗುವದಿಲ್ಲ. ಎರಡರ ಎತ್ತರ ಸರಿಬೇಕು, ನಡಿಗೆ ಸರಿಬೇಕು, ಎರಡೂ ಒಂದೇ ಕಡೆಗೆ ಎಳೆಯಬೇಕು. ಔಷಧದ ಜೋಡಿಗೂ ಇದೇ ಪರೀಕ್ಷೆ.

ಮೊದಲು ಸರಿಯಾದ ಜೋಡಿಯನ್ನು ನೋಡೋಣ. 1968ರ ಸುಮಾರಿಗೆ ಕೋ-ಟ್ರೈಮಾಕ್ಸಜೋಲ್ ಎಂಬ ಔಷಧ ಬಳಕೆಗೆ ಬಂದಿತು. ಅದರಲ್ಲಿ ಟ್ರೈಮೆಥೋಪ್ರಿಮ್ ಒಂದು ಪಾಲು, ಸಲ್ಫಾಮೆಥಾಕ್ಸಜೋಲ್ ಐದು ಪಾಲು. ರೋಗಜಂತು ತಾನು ಬೆಳೆಯಲು ಬೇಕಾದ ಫೋಲಿಕ್ ಆಮ್ಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯ ಒಂದು ಮೆಟ್ಟಿಲನ್ನು ಸಲ್ಫಾ ಮುರಿಯುತ್ತದೆ, ಅದರ ಮುಂದಿನ ಮೆಟ್ಟಿಲನ್ನು ಟ್ರೈಮೆಥೋಪ್ರಿಮ್ ಮುರಿಯುತ್ತದೆ. ಎರಡೂ ರಕ್ತದಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತು ನಿಲ್ಲುತ್ತವೆ. ಸಲ್ಫಾ ಗುಂಪಿನ ಅನೇಕ ಔಷಧಗಳಲ್ಲಿ ಇದೊಂದನ್ನೇ ಆರಿಸಿದ್ದು ಈ ನಡಿಗೆಯ ಸರಿಸಮಾನತೆಗಾಗಿಯೇ. ಟ್ರೈಮೆಥೋಪ್ರಿಮ್ ಕಂಡುಹಿಡಿಯುವದರಲ್ಲಿ ಮುಂದಾಳಾಗಿದ್ದ ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇದು ಲೆಕ್ಕ ಹಾಕಿ ಕಟ್ಟಿದ ಜೋಡಿ.

ಎರಡನೆಯದು ಆ ತಾಯಿ ತಂದ ಬಾಟ್ಲಿಯದೇ ಜೋಡಿ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಲದ್ದು. ಕೆಲವು ಜಾತಿಯ ರೋಗಜಂತುಗಳು ಅದನ್ನು ಕತ್ತರಿಸಿ ಹಾಕುವ ಒಂದು ಕಿಣ್ವವನ್ನು ಬಿಡುತ್ತವೆ. ಕ್ಲಾವುಲನಿಕ್ ಆಮ್ಲ ತಾನಾಗಿ ರೋಗಜಂತುವನ್ನು ಕೊಲ್ಲುವದು ಬಹಳ ಕಡಿಮೆ. ಆ ಕಿಣ್ವವನ್ನು ಹಿಡಿದು ನಿಲ್ಲಿಸುವದಷ್ಟೇ ಅದರ ಕೆಲಸ. ಈ ಜೋಡಿ ಇಂಗ್ಲಂಡಿನಲ್ಲಿ 1981ರಲ್ಲಿ ಮಾರಾಟಕ್ಕೆ ಬಂದಿತು. ಕಿಣ್ವ ಬಿಡುವ ರೋಗಜಂತು ಇದ್ದಲ್ಲಿ ಇದು ಬಹು ಉಪಯೋಗಿ. ಕಿಣ್ವವೇ ಇಲ್ಲದಲ್ಲಿ ಕ್ಲಾವುಲನಿಕ್ ಆಮ್ಲಕ್ಕೆ ಕೆಲಸವಿಲ್ಲ, ಅದರ ತೊಂದರೆ ಮಾತ್ರ ಉಳಿಯುತ್ತದೆ. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಇಂದಿಗೂ ಸಾದಾ ಪೆನಿಸಿಲಿನ್ನಿಗೇ ಸಾಯುತ್ತದೆ. ಮಕ್ಕಳ ನ್ಯುಮೋನಿಯಾಕ್ಕೆ ಮೊದಲು ಕೋ-ಟ್ರೈಮಾಕ್ಸಜೋಲ್ ಕೊಡುತ್ತಿದ್ದ ಕಾಲವಿತ್ತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಸಾದಾ ಅಮಾಕ್ಸಿಸಿಲಿನ್ನನ್ನೇ ಮೊದಲ ಔಷಧವಾಗಿ ನಿಶ್ಚಯಿಸಿತು. ಎರಡು ಇದ್ದದ್ದು ಒಂದಕ್ಕಿಂತ ಮೇಲು ಎಂಬ ತಿಳುವಳಿಕೆ ತಪ್ಪೆಂಬದಕ್ಕೆ ಇದೇ ಸಾಕ್ಷಿ.

ಇನ್ನು ಒಂದಕ್ಕೊಂದು ಎದುರಾಗಿ ಎಳೆಯುವ ಜೋಡಿ. 1951ರಲ್ಲಿ ಅಮೇರಿಕೆಯಲ್ಲಿ ಲೆಪ್ಪರ್ ಮತ್ತು ಡೌಲಿಂಗ್ ಎಂಬ ಇಬ್ಬರು ಡಾಕ್ಟರರು ಮಿದುಳಿನ ಪೊರೆಯ ಬಾವಿನ ರೋಗಿಗಳ ಲೆಕ್ಕ ಇಟ್ಟರು. ಪೆನಿಸಿಲಿನ್ ಒಂದನ್ನೇ ಪಡೆದವರಿಗಿಂತ, ಪೆನಿಸಿಲಿನ್ನಿನ ಜೊತೆಗೆ ಟೆಟ್ರಾಸೈಕ್ಲಿನ್ ಕುಲದ ಔಷಧವನ್ನೂ ಪಡೆದವರಲ್ಲಿ ಸಾವು ಹೆಚ್ಚಾಗಿ ಕಂಡಿತು. ಕಾರಣ ಸರಳ. ಬೆಳೆಯುತ್ತಿರುವ ರೋಗಜಂತುವಿನ ಗೋಡೆ ಒಡೆಯುವದು ಪೆನಿಸಿಲಿನ್ನಿನ ಕೆಲಸ. ಬೆಳೆಯುವದನ್ನೇ ನಿಲ್ಲಿಸುವದು ಟೆಟ್ರಾಸೈಕ್ಲಿನ್ನಿನ ಕೆಲಸ. ಬೆಳವಣಿಗೆ ನಿಂತಲ್ಲಿ ಪೆನಿಸಿಲಿನ್ನಿಗೆ ಒಡೆಯಲು ಏನೂ ಸಿಗುವದಿಲ್ಲ.

ಕೂಸು ಎಂದರೆ ಸಣ್ಣ ಆಳಲ್ಲ

ದೊಡ್ಡವರ ಔಷಧವನ್ನು ಅರ್ಧ ಮುರಿದರೆ ಮಕ್ಕಳ ಔಷಧ ಆಯಿತು ಎಂದು ತಿಳಿದವರು ಬಹಳ ಜನ. ಇದು ತಪ್ಪು. ಹೆತ್ತ ಕೂಸಿನ ಮೈಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದರ ಯಕೃತ್ತು ಇನ್ನೂ ಕೆಲಸ ಕಲಿಯುತ್ತಿರುತ್ತದೆ, ಮೂತ್ರಪಿಂಡ ನಿಧಾನವಾಗಿ ಸೋಸುತ್ತದೆ. ಕೊಟ್ಟ ಔಷಧ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಆದುದರಿಂದ ಮೂರು ತಿಂಗಳೊಳಗಿನ ಕೂಸಿಗೆ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಜೋಡಿಯ ಪ್ರಮಾಣ ಕಡಿಮೆ. ಅಮಾಕ್ಸಿಸಿಲಿನ್ನಿನ ಲೆಕ್ಕದಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 30 ಮಿಲಿಗ್ರಾಮ್, ಎರಡು ಪಾಲು ಮಾಡಿ. ಅದೇ ಕೂಸು ಎರಡು ಮೂರು ವರ್ಷದ್ದಾದಾಗ ಅನೇಕ ಔಷಧಗಳನ್ನು ದೊಡ್ಡವರಿಗಿಂತ ಬೇಗನೆ ಕರಗಿಸಿ ಹೊರಗೆ ಹಾಕುತ್ತದೆ. ಆಗ ಕಿಲೋ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚೇ ಬೇಕಾಗುವದು. ಚಿಕ್ಕವರಿಗೆ ಕಡಿಮೆ, ದೊಡ್ಡವರಿಗೆ ಹೆಚ್ಚು ಎಂಬ ಸಾದಾ ಗಣಿತ ಇಲ್ಲಿ ನಡೆಯುವದಿಲ್ಲ.

ಈ ಪಾಠವನ್ನು ಜಗತ್ತು ಕೂಸುಗಳ ಪ್ರಾಣ ಕೊಟ್ಟು ಕಲಿತಿದೆ. ನ್ಯೂಯಾರ್ಕಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಸೋಂಕು ತಗಲದಿರಲೆಂದು ಪೆನಿಸಿಲಿನ್ ಮತ್ತು ಸಲ್ಫಾ ಕೂಡಿಸಿ ಕೊಡುತ್ತಿದ್ದರು. ಇನ್ನೊಂದು ಗುಂಪಿಗೆ ಬೇರೆ ಔಷಧ ಕೊಟ್ಟು ಹೋಲಿಸಿ ನೋಡಿದಾಗ ಜೋಡಿ ಪಡೆದ ಕೂಸುಗಳಲ್ಲಿ ಸಾವು ಹೆಚ್ಚಿತ್ತು. 1956ರಲ್ಲಿ ಸಿಲ್ವರ್‌ಮನ್ ಮತ್ತು ಅವರ ಸಂಗಡಿಗರು ಇದನ್ನು ಪ್ರಕಟಿಸಿದರು. ಕಾಮಣಿಯ ಹಳದಿ ವಸ್ತುವನ್ನು ರಕ್ತದಲ್ಲಿ ಹಿಡಿದಿಟ್ಟುಕೊಳ್ಳುವ ಜಾಗವನ್ನು ಸಲ್ಫಾ ಕಸಿದುಕೊಂಡಿತ್ತು. ಬಿಡುಗಡೆಯಾದ ಆ ವಸ್ತು ಮಿದುಳಿಗೆ ಸೇರಿತ್ತು. ಕಾಪಾಡಲೆಂದು ಕೊಟ್ಟದ್ದೇ ಕೊಂದಿತು. ಹೆತ್ತ ಕೂಸಿಗೆ ಕೋ-ಟ್ರೈಮಾಕ್ಸಜೋಲ್ ಸಾಮಾನ್ಯವಾಗಿ ಕೊಡದಿರುವದು ಇದೇ ಕಾರಣಕ್ಕೆ. 1959ರಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟ ಹಸುಗೂಸುಗಳು ಬೂದಿ ಬಣ್ಣಕ್ಕೆ ತಿರುಗಿ ಸತ್ತ ವರದಿಗಳು ಬಂದವು. ಅವುಗಳ ಯಕೃತ್ತಿಗೆ ಆ ಔಷಧವನ್ನು ಪಳಗಿಸುವ ಶಕ್ತಿ ಇನ್ನೂ ಬಂದಿರಲಿಲ್ಲ. ಅದೇ ಕ್ಲೋರಾಂಫೆನಿಕಾಲನ್ನು ಸ್ಟ್ರೆಪ್ಟೊಮೈಸಿನ್ ಜೊತೆಗೆ ಕೂಡಿಸಿ ಭೇದಿಗೆಂದು ನಮ್ಮ ದೇಶದಲ್ಲಿ ಎಷ್ಟೋ ವರ್ಷ ಮಾರಿದರು. ಕೊನೆಗೆ ಸರಕಾರ ಅದನ್ನು ನಿಷೇಧಿಸಬೇಕಾಯಿತು.

ಲೆಕ್ಕ ಹಾಕಿ ನೋಡೋಣ

ಜೋಡಿ ಔಷಧದ ದೊಡ್ಡ ಕಷ್ಟವೆಂದರೆ ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಾನೇ ಹೆಚ್ಚುತ್ತದೆ. 10 ಕಿಲೋ ತೂಕದ ಕೂಸನ್ನು ತೆಗೆದುಕೊಳ್ಳಿರಿ. ದಿನಕ್ಕೆ ಕಿಲೋಗೆ 40 ಮಿಲಿಗ್ರಾಮಿನಂತೆ ಅಮಾಕ್ಸಿಸಿಲಿನ್ ಬೇಕೆಂದು ಡಾಕ್ಟರರು ನಿಶ್ಚಯಿಸಿದರೆ ಒಟ್ಟು 400 ಆಯಿತು. 5 ಮಿಲಿಲೀಟರಿಗೆ 200 ಇರುವ ಬಾಟ್ಲಿಯಿಂದ ಎರಡು ಹೊತ್ತು 5 ಮಿಲಿಲೀಟರಿನಂತೆ ಕೊಟ್ಟರೆ ಸರಿಹೋಯಿತು. ಆ ಬಾಟ್ಲಿಯಲ್ಲಿ ಅಮಾಕ್ಸಿಸಿಲಿನ್ ಏಳು ಪಾಲಿಗೆ ಕ್ಲಾವುಲನಿಕ್ ಒಂದು ಪಾಲು ಇರುವದರಿಂದ ದಿನಕ್ಕೆ 57 ಮಿಲಿಗ್ರಾಮ್ ಕ್ಲಾವುಲನಿಕ್ ಹೋಗುವದು.

ಕೆಲವು ಸಲ ಕಿವಿಯ ಹಟಮಾರಿ ಸೋಂಕಿಗೆ ಕಿಲೋಗೆ 90ರಂತೆ, ಅಂದರೆ ದಿನಕ್ಕೆ 900 ಮಿಲಿಗ್ರಾಮ್ ಬೇಕಾಗುವದು. ಇದನ್ನು ನಾಲ್ಕಕ್ಕೆ ಒಂದು ಪಾಲಿನ ಹಳೆಯ ಬಾಟ್ಲಿಯಿಂದ ಕೊಟ್ಟರೆ 225 ಮಿಲಿಗ್ರಾಮ್ ಕ್ಲಾವುಲನಿಕ್ ಹೊಟ್ಟೆಗೆ ಹೋಯಿತು. ಏಳಕ್ಕೆ ಒಂದರ ಬಾಟ್ಲಿಯಿಂದ ಕೊಟ್ಟರೆ ಸುಮಾರು 128. ಹದಿನಾಲ್ಕಕ್ಕೆ ಒಂದರ ಬಾಟ್ಲಿಯಿಂದ ಕೊಟ್ಟರೆ ಸುಮಾರು 64. ದಿನಕ್ಕೆ ಕಿಲೋಗೆ 10 ಮಿಲಿಗ್ರಾಮ್ ದಾಟಿದರೆ ಕ್ಲಾವುಲನಿಕ್ ಹೊಟ್ಟೆ ಕೆಡಿಸುವ ಸಂಭವ ಹೆಚ್ಚು. ಅಂದರೆ ಈ ಕೂಸಿಗೆ 100ರ ಒಳಗೆ ಇರುವದು ಒಳ್ಳೆಯದು. ಮೂರೂ ಬಾಟ್ಲಿಯ ಮೇಲೆ ಹೆಸರು ಒಂದೇ. ಒಳಗಿನ ಪಾಲು ಮಾತ್ರ ಬೇರೆ ಬೇರೆ. "ಅದೇ ಔಷಧ" ಎಂದು ಅಂಗಡಿಯವರು ಬದಲಿ ಕೊಟ್ಟಾಗ ನಡೆಯುವ ಅನರ್ಥ ಇದೇ. ದೊಡ್ಡವರ ಗುಳಿಗೆಯಲ್ಲಿಯೂ ಇದೇ ಮೋಸವಿದೆ. 375ರ ಗುಳಿಗೆಯಲ್ಲಿ 250 ಮತ್ತು 125, 625ರ ಗುಳಿಗೆಯಲ್ಲಿ 500 ಮತ್ತು 125. ಎರಡರಲ್ಲಿಯೂ ಕ್ಲಾವುಲನಿಕ್ ಅಷ್ಟೇ. ಒಂದು ದೊಡ್ಡದರ ಬದಲು ಎರಡು ಸಣ್ಣವು ನುಂಗಿದರೆ ಕ್ಲಾವುಲನಿಕ್ ಇಮ್ಮಡಿಯಾಗುವದು.

ಇನ್ನು ಅಳತೆ. ಮನೆಯ ಚಹಾ ಚಮಚೆ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಬಾಟ್ಲಿಯ ಜೊತೆಗೆ ಬಂದ ಗೆರೆಯುಳ್ಳ ಮುಚ್ಚಳದಿಂದಲೇ ಅಳೆಯಿರಿ, ಇಲ್ಲವೆ ಸೂಜಿಯಿಲ್ಲದ ಸಿರಿಂಜು ಕೇಳಿ ಪಡೆಯಿರಿ. ಪುಡಿಯ ಬಾಟ್ಲಿಗೆ ಕುದಿಸಿ ಆರಿಸಿದ ನೀರನ್ನು ಗೆರೆಯ ಮಟ್ಟಕ್ಕೆ ಮಾತ್ರ ಹಾಕಬೇಕು. ನೀರು ಹೆಚ್ಚಾದರೆ ಔಷಧ ತೆಳುವಾಗುವದು, ಕಡಿಮೆಯಾದರೆ ಗಟ್ಟಿಯಾಗುವದು. ಪ್ರತಿ ಸಲ ಕೊಡುವ ಮೊದಲು ಬಾಟ್ಲಿ ಅಲುಗಾಡಿಸಬೇಕು. ಕ್ಲಾವುಲನಿಕ್ ಆಮ್ಲ ಶಾಖಕ್ಕೆ ಮತ್ತು ತೇವಕ್ಕೆ ಬೇಗ ಕೆಡುವ ವಸ್ತು. ನೀರು ಹಾಕಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಏಳು ದಿನದಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಗಡಿನ ಮನೆಯ ಗೂಡಿನಲ್ಲಿಟ್ಟ ಬಾಟ್ಲಿ ಎಷ್ಟು ದಿನ ಔಷಧವಾಗಿ ಉಳಿದೀತು? ಫ್ರಿಜ್ಜು ಇಲ್ಲವೆಂಬದನ್ನು ಡಾಕ್ಟರರಿಗೆ ನಾಚಿಕೆಯಿಲ್ಲದೆ ಹೇಳಿರಿ. ನೀರಿನಲ್ಲಿ ಕರಗುವ ಗುಳಿಗೆ ಬರೆಯಬಹುದೇ ಎಂದು ಕೇಳಿರಿ. ಅಣ್ಣನಿಗೆ ತಂದು ಉಳಿದದ್ದನ್ನು ತಂಗಿಗೆ ಹಾಕುವದು ಬೇಡವೇ ಬೇಡ.

ಮಾದರಿಯ ಜೋಡಿ

ಮಕ್ಕಳಿಗಾಗಿಯೇ ತಯಾರಿಸಿದ ಜೋಡಿ ಔಷಧ ಹೇಗಿರಬೇಕೆಂಬದಕ್ಕೆ ಒಂದು ಉದಾಹರಣೆ ನಮ್ಮ ಸರಕಾರಿ ವ್ಯವಸ್ಥೆಯಲ್ಲಿಯೇ ಇದೆ. ಅದು ಮಕ್ಕಳ ಕ್ಷಯದ ಗುಳಿಗೆ. ಕ್ಷಯಕ್ಕೆ ಒಂದೇ ಔಷಧ ಕೊಟ್ಟರೆ ರೋಗಜಂತು ಅದನ್ನು ಸೋಲಿಸುತ್ತದೆ. ಆದುದರಿಂದ ಇಲ್ಲಿ ಕೂಡಿಸಿ ಕೊಡುವದು ಅವಶ್ಯವೇ. ಮೊದಲು ದೊಡ್ಡವರ ಗುಳಿಗೆಗಳನ್ನು ಅರೆದು ಪುಡಿ ಮಾಡಿ ಮಕ್ಕಳಿಗೆ ಕುಡಿಸುತ್ತಿದ್ದರು. ಕಹಿಗೆ ಕೂಸು ಉಗುಳುತ್ತಿತ್ತು, ಪ್ರಮಾಣವೂ ಅಂದಾಜಿನದೇ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಕಿಲೋ ಲೆಕ್ಕದ ಪ್ರಮಾಣವನ್ನು ಹೆಚ್ಚಿಸಿತು. ಅದಕ್ಕೆ ತಕ್ಕಂತೆ ನೀರಿನಲ್ಲಿ ಕರಗುವ, ಬಾಯಿಗೆ ರುಚಿಯಾದ ಗುಳಿಗೆ 2015ರ ಡಿಸೆಂಬರದಲ್ಲಿ ಹೊರಗೆ ಬಂದಿತು. ಅದರಲ್ಲಿ ಐಸೋನಿಯಾಜಿಡ್ 50, ರಿಫಾಂಪಿಸಿನ್ 75, ಪೈರಾಜಿನಮೈಡ್ 150 ಮಿಲಿಗ್ರಾಮ್. ನಮ್ಮ ದೇಶದ ಕ್ಷಯ ಕಾರ್ಯಕ್ರಮದಲ್ಲಿ 4ರಿಂದ 7 ಕಿಲೋ ತೂಕಕ್ಕೆ ದಿನಕ್ಕೆ ಒಂದು, 8ರಿಂದ 11 ಕಿಲೋಗೆ ಎರಡು, 12ರಿಂದ 15 ಕಿಲೋಗೆ ಮೂರು, 16ರಿಂದ 24 ಕಿಲೋಗೆ ನಾಲ್ಕು. ಜೊತೆಗೆ ಎಥಾಂಬ್ಯೂಟಾಲ್ ಬೇರೆ ಗುಳಿಗೆ. 10 ಕಿಲೋ ಕೂಸಿಗೆ ಎರಡು ಗುಳಿಗೆ ಎಂದರೆ ಕಿಲೋಗೆ 10, 15, 30ರಂತೆ ಲೆಕ್ಕ ಸರಿಬೀಳುತ್ತದೆ. ಓದು ಬರದ ತಾಯಿಯೂ ಒಂದು, ಎರಡು, ಮೂರು ಎಂದು ಎಣಿಸಬಲ್ಲಳು. ಕೂಸು ಬೆಳೆದು ತೂಕ ಹೆಚ್ಚಿದಂತೆ ಗುಳಿಗೆಯೂ ಹೆಚ್ಚಬೇಕು. ಇದು ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗತಕ್ಕ ಔಷಧ. ಬಡವರ ಮಗುವಿನ ಸಲುವಾಗಿ ವಿಜ್ಞಾನ ತಲೆ ಓಡಿಸಿದರೆ ಏನು ಮಾಡಬಲ್ಲದೆಂಬದಕ್ಕೆ ಇದೇ ನಿದರ್ಶನ.

ಮಾರಾಟದ ಜೋಡಿ

ಇನ್ನೊಂದು ಕಡೆ ಅಂಗಡಿಯ ಕಪಾಟು ನೋಡಿರಿ. ಮಕ್ಕಳ ಭೇದಿಗೆ ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಕೂಡಿದ ಬಾಟ್ಲಿ ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಅಮೀಬಾದಂತಹ ಜೀವಿಗೆ. ಒಂದೇ ಕೂಸಿಗೆ ಒಂದೇ ವೇಳೆಗೆ ಎರಡೂ ರೋಗ ಬರುವದು ಅಪರೂಪ. ನಡಿಗೆಯೂ ಬೇರೆ. ಆರ್ನಿಡಜೋಲ್ ಮೈಯಲ್ಲಿ ಆಫ್ಲಾಕ್ಸಸಿನ್ನಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ನಿಲ್ಲುತ್ತದೆ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎದ್ದಿತೆಂದು ಹೇಳಲಿಕ್ಕೂ ಬಾರದು. ಮಕ್ಕಳ ಭೇದಿ ಬಹಳ ಮಟ್ಟಿಗೆ ವೈರಾಣುವಿನಿಂದ ಬರುವದು. ಅದಕ್ಕೆ ಈ ಎರಡೂ ನಾಟುವದಿಲ್ಲ. ಬೇಕಾದದ್ದು ಓ.ಆರ್.ಎಸ್. ನೀರು ಮತ್ತು 14 ದಿನ ಸತುವಿನ ಗುಳಿಗೆ: ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಮ್, ಎರಡರಿಂದ ಆರು ತಿಂಗಳವರಿಗೆ 10. ಮೊಲೆಹಾಲು ನಿಲ್ಲಿಸಬಾರದು. ಭರತ ಹುಣ್ಣಿಮೆಯ ಜಾತ್ರೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರುವವರು ಬುತ್ತಿಯ ಜೊತೆಗೆ ನಾಲ್ಕು ಓ.ಆರ್.ಎಸ್. ಪೊಟ್ಟಣ ಕಟ್ಟಿಕೊಂಡು ಬಂದರೆ ಎಷ್ಟೋ ಬಾಟ್ಲಿಗಳ ಖರ್ಚು ಉಳಿದೀತು. ಭೇದಿಯಲ್ಲಿ ರಕ್ತ ಕಂಡರೆ, ಕೂಸು ಕುಡಿಯದಿದ್ದರೆ, ಕಣ್ಣು ಒಳಗೆ ಹೋದರೆ, ಮಂಕಾಗಿ ಬಿದ್ದರೆ ಮಾತ್ರ ತಡಮಾಡದೆ ದವಾಖಾನೆಗೆ ಒಯ್ಯಬೇಕು.

ಹಾಗಾದರೆ ಇಂತಹ ಜೋಡಿಗಳು ಯಾಕೆ ಹುಟ್ಟುತ್ತವೆ? ರೋಗಿಗಾಗಿ ಅಲ್ಲ, ಲಾಭಕ್ಕಾಗಿ. 2013ರ ಬೆಲೆ ನಿಯಂತ್ರಣ ಆಜ್ಞೆಯ ಮಿತಿ ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದವಕ್ಕೆ ತಗಲುವದು. ಪಟ್ಟಿಯಲ್ಲಿದ್ದ ಔಷಧಕ್ಕೆ ಇನ್ನೊಂದನ್ನು ಬೆರೆಸಿ ಹೊಸ ಹೆಸರಿಟ್ಟರೆ ಆ ಮಿತಿಯಿಂದ ಜಾರಿಕೊಳ್ಳಲು ದಾರಿಯಾಗುವದು. ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯಗಳ ಪರವಾನಿಗೆಯಿಂದಲೇ ಸಾವಿರಾರು ಜೋಡಿಗಳು ಪೇಟೆಗೆ ಬಂದಿದ್ದವು. ಅವುಗಳನ್ನು ಪರೀಕ್ಷಿಸಲು 2014ರಲ್ಲಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ನಮ್ಮ ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಪ್ರೊ. ಚಂದ್ರಕಾಂತ ಕೋಕಾಟೆಯವರು. ಈ ಜಿಲ್ಲೆಯವರು ಅಭಿಮಾನದಿಂದ ನೆನೆಯಬೇಕಾದ ಕೆಲಸವದು. ಅವರ ವರದಿಯ ಆಧಾರದ ಮೇಲೆ 2016ರ ಮಾರ್ಚ್ 10ರಂದು ಸರಕಾರ 344 ಜೋಡಿ ಔಷಧಗಳನ್ನು ನಿಷೇಧಿಸಿತು. ಅವುಗಳಲ್ಲಿ ಪ್ರತಿಜೀವಕಗಳ ಜೋಡಿಗಳೂ ಹಲವಿದ್ದವು. ಕಂಪನಿಗಳು ಕೋರ್ಟಿಗೆ ಓಡಿದವು. ಅದೇ ವರ್ಷದ ಡಿಸೆಂಬರದಲ್ಲಿ ದಿಲ್ಲಿ ಹಾಯಕೋರ್ಟು ನಿಷೇಧವನ್ನು ರದ್ದುಮಾಡಿತು. 2017ರ ಡಿಸೆಂಬರದಲ್ಲಿ ಸುಪ್ರೀಮ್ ಕೋರ್ಟು ಪುನಃ ಪರಿಶೀಲನೆಗೆ ಆಜ್ಞೆ ಮಾಡಿತು. 2018ರ ಸೆಪ್ಟೆಂಬರದಲ್ಲಿ 328 ಜೋಡಿಗಳು ಮತ್ತೆ ನಿಷಿದ್ಧವಾದವು. 2023ರ ಜೂನದಲ್ಲಿ 14, 2024ರ ಆಗಸ್ಟದಲ್ಲಿ 156. ಎರಡೂವರೆ ವರ್ಷ ಒಂದು ಆಜ್ಞೆ ಕೋರ್ಟಿನ ಮೆಟ್ಟಿಲಲ್ಲಿ ಕುಳಿತಾಗ ಔಷಧವೇನೂ ಕುಳಿತಿರಲಿಲ್ಲ. ಅದು ಮಾರಾಟವಾಗುತ್ತಲೇ ಇತ್ತು.

ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. ಅಮೇರಿಕೆಯಲ್ಲಿ ಪನಾಲ್ಬಾ ಎಂಬ ಹೆಸರಿನಿಂದ ಟೆಟ್ರಾಸೈಕ್ಲಿನ್ ಮತ್ತು ನೋವೊಬಯೋಸಿನ್ ಜೋಡಿಯನ್ನು ವರ್ಷಗಟ್ಟಲೆ ಮಾರಿದರು. ವಿಜ್ಞಾನಿಗಳು ಬೇಡವೆಂದ ಮೇಲೂ ಕಂಪನಿ ಕೋರ್ಟಿನಲ್ಲಿ ಬಡಿದಾಡಿತು. 1970ರಲ್ಲಿ ಅದು ಪೇಟೆಯಿಂದ ಹೋಯಿತು. ಬೇರೆ ದಾರಿಯೂ ಇದೆಯೆಂಬದನ್ನು ನಮ್ಮ ದೇಶವೇ ತೋರಿಸಿತ್ತು. 1954ರಲ್ಲಿ ಪುಣೆಯ ಹತ್ತಿರ ಪಿಂಪರಿಯಲ್ಲಿ ಸರಕಾರಿ ಪೆನಿಸಿಲಿನ್ ಕಾರಖಾನೆ ಸ್ಥಾಪನೆಯಾಯಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಎಂಬ ಸರಕಾರಿ ಕಂಪನಿ ಹುಟ್ಟಿತು. 1975ರಲ್ಲಿ ಹಾಥಿ ಸಮಿತಿ, ಔಷಧಗಳನ್ನು ಕಂಪನಿಯ ಹೆಸರಿನಿಂದಲ್ಲ, ಮೂಲ ಹೆಸರಿನಿಂದ ಮಾರುವ ದಾರಿಗೆ ಹಂತಹಂತವಾಗಿ ಬರಬೇಕೆಂದು ಹೇಳಿತು. ಮೂಲ ಹೆಸರು ದೊಡ್ಡ ಅಕ್ಷರದಲ್ಲಿ ಇದ್ದಿದ್ದರೆ, ಅದರ ಕೆಳಗೆ ಪಾಲು ಸ್ಪಷ್ಟವಾಗಿ ಕನ್ನಡದಲ್ಲಿ ಬರೆದಿದ್ದರೆ, ಆ ತಾಯಿಯ ಮಗನಿಗೆ ಎರಡರಷ್ಟು ಔಷಧ ಹೋಗುತ್ತಿರಲಿಲ್ಲ.

ನಾವು ಮಾಡತಕ್ಕದ್ದು

ಇದನ್ನು ಕೇಳಿ ಯಾರೂ ಔಷಧಕ್ಕೇ ಹೆದರಬಾರದು. ಕೂಸಿನ ಎದೆ ಒಳಗೆ ಸೆಳೆಯುತ್ತಿದ್ದರೆ, ಉಸಿರು ವೇಗವಾಗಿದ್ದರೆ ಪ್ರತಿಜೀವಕವೇ ಪ್ರಾಣ ಉಳಿಸುವದು. ಡಾಕ್ಟರರು ಕೊಟ್ಟದ್ದನ್ನು ಅವರು ಹೇಳಿದಷ್ಟು ದಿನ ಕೊಡಲೇಬೇಕು. ಹೊಟ್ಟೆ ಕೆಟ್ಟರೆ, ದದ್ದು ಎದ್ದರೆ, ನಮ್ಮಷ್ಟಕ್ಕೆ ನಾವು ನಿರ್ಣಯಿಸದೆ ಬಾಟ್ಲಿ ಹಿಡಿದುಕೊಂಡು ಅದೇ ದಿನ ಕೇಳಲು ಹೋಗಬೇಕು. ಬೇಡದಲ್ಲಿ ಎರಡೆರಡು ಕೊಟ್ಟರೆ ರೋಗಜಂತುಗಳು ಎರಡನ್ನೂ ಎದುರಿಸಲು ಕಲಿಯುತ್ತವೆ. ನಾಳೆ ಬೇಕಾದಾಗ ಎರಡೂ ಕೆಲಸಕ್ಕೆ ಬಾರದಂತಾಗುವವು.

ಚೀಟಿಯಿಲ್ಲದೆ ಪ್ರತಿಜೀವಕ ಮಾರುವದು ಕಾಯದೆಗೆ ವಿರುದ್ಧ. ನಾವೂ ಚೀಟಿಯಿಲ್ಲದೆ ಕೇಳಬಾರದು. ಬದಲಿ ಬಾಟ್ಲಿ ಕೊಟ್ಟರೆ ಪಾಲು ಓದಿಸಿ ಕೇಳಬೇಕು, ಪಾವತಿ ಪಡೆಯಬೇಕು. ಡಾಕ್ಟರರು ಚೀಟಿಯ ಮೇಲೆ ಕೂಸಿನ ತೂಕ ಬರೆಯಲಿ ಎಂದು ನಮ್ರತೆಯಿಂದ ಕೇಳಬೇಕು. ಅಂಗನವಾಡಿಯಲ್ಲಿ ತೂಕದ ತಕ್ಕಡಿ ಇದೆ. ಈ ತಿಂಗಳ ತೂಕ ಎಷ್ಟೆಂದು ಕೇಳಿ ಬರೆಯಿಸಿಕೊಂಡು, ಆ ಚೀಟಿಯನ್ನು ರೇಶನ್ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿರಿ.

ಸರಕಾರದಿಂದ ನಾವು ಕೇಳಬೇಕಾದದ್ದೂ ಸ್ಪಷ್ಟವಿದೆ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಅಮಾಕ್ಸಿಸಿಲಿನ್ ಕರಗುವ ಗುಳಿಗೆ, ಓ.ಆರ್.ಎಸ್., ಸತುವು ಯಾವಾಗಲೂ ಇರಲಿ. ಅವು ಇದ್ದರೆ ಅಂಗಡಿಯ ಬಾಟ್ಲಿಯ ಮುಂದೆ ಬಡವ ನಿಲ್ಲಬೇಕಾಗುವದಿಲ್ಲ. ಮಕ್ಕಳ ಔಷಧದ ಮೇಲೆ ಪಾಲು ಕನ್ನಡದಲ್ಲಿ ಇರಲಿ. ನಿಷೇಧಿಸಿದ ಜೋಡಿ ಅಂಗಡಿಯಲ್ಲಿ ಉಳಿಯದಂತೆ ತಪಾಸಣೆ ನಡೆಯಲಿ.

ಆ ತಾಯಿ ಹೊರಡುವಾಗ ಮಗನನ್ನು ತಕ್ಕಡಿಯ ಮೇಲೆ ಕೂಡ್ರಿಸಿದೆವು. ಡಾಕ್ಟರರು ತೂಕ ನೋಡಿ ಪ್ರಮಾಣ ಬರೆದುಕೊಟ್ಟರು. ಮುಚ್ಚಳದ ಗೆರೆಗೆ ನಾನು ಶಾಯಿಯಿಂದ ಗುರುತು ಹಾಕಿ ಕೊಟ್ಟೆ. "ಇಷ್ಟ ಹೇಳಿದ್ರ ನಾ ಯಾಕ ತಪ್ಪತಿದ್ದೆನ್ರೀ ಅಣ್ಣಾರ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಾಗಿಯೇ ಇಂದು ನಿಮ್ಮ ಮುಂದೆ ಬಂದು ನಿಂತೆ.